ಜಾಮ್ ಮಾಮನ ನಾಲಿಗೆ

ನಿವೃತ್ತ ಹೆಡ್‌ಮಾಸ್ತರರು ಬ್ರೆಡ್ಡಿಗೆ ಬಾಯಿ ಹಾಕಿದರು, ಕಚ್ಚಿದರು, ಎಳೆದರು. ಬ್ರೆಡ್ಡಿನ ಜೊತೆಗೆ ಅವರ ಮೇಲುಸಾಲಿನ ಹಲ್ಲುಗಳೂ ಈಚೆಗೆ ಬಂದವು. ಕಡುಗೆಂಪು ಜಾಮನ್ನು ಕಚ್ಚಿ ಹಿಡಿದುಕೊಂಡು, ಯಾರೂ ಹೇಳದ ಜೋಕಿಗೆ ತಾವೇ ನಗುತ್ತಿರುವ ಹಾಗೆ ಕೂತವು. ಸಾವಿನ ಮನೆಗೆ ಮಾತಾಡಿಸಲು ಬಂದವರು ನಗುವ ಹಾಗಿಲ್ಲ. ಪಕ್ಕದ ಮನೆಯ ನರ್ಸಮ್ಮ ಕಿಟಕಿಯ ಕಡೆ ತಿರುಗಿ ಸಿಕ್ಕಾಪಟ್ಟೆ ಕೆಮ್ಮಿದಳು. ಹೆಡ್‌ಮಾಸ್ತರರು ಕರವಸ್ತ್ರ ಅಡ್ಡ ಹಿಡಿದು, ಹಲ್ಲನ್ನು ಬಿಡಿಸಿ ಜೇಬಿಗಿಳಿಸಿ, "ಶೊಗಶಾಗಿದೆ" ಎಂದರು.

"ಸ್ವಲ್ಪ ಗಟ್ಟಿ ಆಗ್ಬಿಡ್ತು ಸಾರ್," ಎಂದ ಜಾಮ್ ಮಾಮ.

ಸ್ವಲ್ಪವೇನಲ್ಲ. ಅದರಲ್ಲಿ ಚಮಚ ನೆಟ್ಟರೆ ದೀಪದ ಕಂಬದ ಹಾಗೆ ನಿಲ್ಲುತ್ತಿತ್ತು. ಆದರೂ ಅವನು ಎಲ್ಲರೆದುರಿಗೆ ಬ್ರೆಡ್ಡಿಗೆ ದಪ್ಪಗೆ ಮೆತ್ತಿಕೊಂಡು, ಹಿಂದಿನ ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು ತುಂಬಿದರೂ ಬಿಡದೆ, ಕೊನೆಯ ತುಣುಕಿನವರೆಗೆ ತಿಂದ. ಪಾಪ, ಹೆಂಡತಿಯ ನೆನಪು ಎಂದುಕೊಂಡರು ನೋಡಿದವರು. ಅರ್ಧ ಸರಿ.

ಜಾಮ್ ಮಾಮ ಟ್ರಾಫಿಕ್ ಪೊಲೀಸನಾಗಿದ್ದವನು. ಸರ್ವೀಸು ಪೂರ್ತಿ ದೊಡ್ಡ ಪೋಸ್ಟಾಫೀಸಿನ ಎದುರಿನ ವೃತ್ತದಲ್ಲಿ ನಿಂತು ಸೀಟಿ ಊದಿದ. ಗಂಡ ಬೀದಿಯಲ್ಲಿ ಜಾಮು ಬಿಡಿಸುವವನು, ಹೆಂಡತಿ ಮನೆಯಲ್ಲಿ ಜಾಮು ಕಾಯಿಸುವವಳು. ಓಣಿಯ ಮಕ್ಕಳು ಹೆಚ್ಚು ತಲೆ ಕೆಡಿಸಿಕೊಳ್ಳದೆ ಅವನನ್ನು ಜಾಮ್ ಮಾಮ ಎಂದವು, ಅವಳನ್ನು ಜಾಮ್ ಅತ್ತೆ ಎಂದವು.

ಅತ್ತೆಯ ಕಸುಬು ಶಾಲಾ ಸಮವಸ್ತ್ರ ಹೊಲಿಯುವುದು. ವರ್ಷವಿಡೀ ಬಿಳಿ ಅಂಗಿ, ನೀಲಿ ಲಂಗ. ಬಿಳಿ ಬಟ್ಟೆ ಇರುವ ಮನೆಯೊಳಗೆ ಹಿಪ್ಪುನೇರಳೆ ಕಾಲಿಡುವಂತಿಲ್ಲ. ಆದ್ದರಿಂದ ಪರೀಕ್ಷೆ ಮುಗಿದು, ಶಾಲೆಗಳು ಬಾಗಿಲು ಹಾಕಿ, ಹೊಸ ಅಳತೆಯ ಗಲಾಟೆ ಶುರುವಾಗುವುದರೊಳಗೆ ಸಿಗುವ ಆ ಚೂರು ಬೇಸಿಗೆಯೇ ಅವಳ ಹಬ್ಬ. ಹೊಲಿಗೆ ಯಂತ್ರಕ್ಕೆ ಹಳೆಯ ಚಾದರ ಹೊದಿಸಿ, ಬುಟ್ಟಿಗಟ್ಟಲೆ ಸ್ಟ್ರಾಬೆರಿ, ಹಿಪ್ಪುನೇರಳೆ, ಪ್ಲಮ್ ತಂದು ಸುರಿಯುತ್ತಿದ್ದಳು. ಒಲೆ ಹಚ್ಚುವ ಮೊದಲು ಸಿಂಕಿನ ಮುಂದೆ ನಿಂತು, ರಸ ಮೊಣಕೈವರೆಗೆ ಇಳಿಯುವ ಹಾಗೆ, ಬೊಗಸೆಗಟ್ಟಲೆ ಹಸಿ ಹಣ್ಣು ತಿನ್ನುತ್ತಿದ್ದಳು. "ಹಣ್ಣು ನಿಂತ್ಕೊಂಡೇ ತಿನ್ಬೇಕು ರೀ. ಕೂತ್ರೆ ಮರ್ಯಾದೆ ನೆನಪಾಗುತ್ತೆ," ಎನ್ನುತ್ತಿದ್ದಳು.

ಮಾಮ ಕೂತೂ ತಿನ್ನುತ್ತಿರಲಿಲ್ಲ, ನಿಂತೂ ತಿನ್ನುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಒಂದು ಚಮಚ ಜಾಮನ್ನು ಬಾಯಿಗಿಟ್ಟಾಗ ಸಿಹಿ ನೇರ ಹುಳುಕು ಹಲ್ಲಿಗೆ ಬಡಿದು ಕಿವಿಯವರೆಗೆ ಗಂಟೆ ಹೊಡೆದಿತ್ತು. ಹೊಸ ಹೆಂಡತಿ ಮುಖವನ್ನೇ ನೋಡುತ್ತಾ ನಿಂತಿದ್ದಳು. "ಅದ್ಭುತ!" ಎಂದುಬಿಟ್ಟ. ಆ ಒಂದು ಮಾತಿನ ಶಿಕ್ಷೆ ಸಣ್ಣದಲ್ಲ: ಮರುದಿನದಿಂದ ಊಟದ ಡಬ್ಬಿಯಲ್ಲಿ ಜಾಮು ಬ್ರೆಡ್ಡು. ಅದನ್ನು ಜೊತೆಯ ಡೊಳ್ಳು ಹವಾಲ್ದಾರನಿಗೆ ದಾಟಿಸಿ, ಅವನ ಉಪ್ಪು ಬಿಸ್ಕತ್ತು ತಾನು ತಿಂದ. ಹವಾಲ್ದಾರ ಮರ್ಯಾದಸ್ಥ, ತಿಂದು, ಚೌಕಿಯ ನಲ್ಲಿಯಲ್ಲಿ ಡಬ್ಬಿ ತೊಳೆದೇ ಕೊಡುತ್ತಿದ್ದ. ಸಂಜೆ ಅವಳು "ಹೇಗಿತ್ತು?" ಎಂದರೆ ಇವನು "ಅದ್ಭುತ" ಎನ್ನುತ್ತಿದ್ದ. ನಿಜ ಹೇಳಲು ಮೊದಲು ನಾಚಿಕೆ, ಆಮೇಲೆ ಅಂಜಿಕೆ, ಕೊನೆಗೆ ಅಭ್ಯಾಸ. ನಿವೃತ್ತಿಯಾದ ಮೇಲೆ, ಡಾಕ್ಟರು ಸಿಹಿ ಬೇಡ ಅಂದಿದ್ದಾರೆ ಎಂದ. ಡಾಕ್ಟರು ಬೇಡ ಅಂದದ್ದು ಉಪ್ಪು.

ಈ ವರ್ಷ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದಳು. ಯಂತ್ರವನ್ನು ಗೋಡೆಗೆ ತಳ್ಳಿ, ಅಡುಗೆಮನೆ ಕಾಣುವ ಹಾಗೆ ಮಂಚ ಹಾಕಿದ್ದರು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದಿದ್ದರು. ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಔಷಧಿಗೆ ಅವಳ ನಾಲಿಗೆ ಸತ್ತುಹೋಗಿತ್ತು. ಏನಿಟ್ಟರೂ "ಕತ್ತರಿ ನೆಕ್ಕಿದ ಹಾಗಿದೆ" ಎನ್ನುತ್ತಿದ್ದಳು.

"ಈ ಸಲ ಹಣ್ಣು ಬೇಡ ಬಿಡೇ," ಎಂದ ಮಾಮ.

"ಹಣ್ಣು ನನ್ನ ಕಾಯಿಲೆ ಕೇಳ್ಕೊಂಡು ಬರುತ್ತಾ? ನೀವು ಕಾಯಿಸಿ, ನಾನು ಹೇಳ್ತೀನಿ. ಓಣಿಯ ಪ್ರತಿ ಮನೆಗೂ ಒಂದು ಬಾಟ್ಲಿ ಹೋಗ್ಬೇಕು. ನಾನಿಲ್ದೆ ಇದ್ರೂ, ತಿಂದೋರು ಇದು ಅವಳದೇ ಅನ್ಬೇಕು."

"ಹುಳಿ-ಸಿಹಿ ಅಳತೆ ಎಲ್ಲಾ ನಿನ್ನ ನಾಲಿಗೇಲೇ ಇತ್ತು. ಈಗ ರುಚಿ ನೋಡೋರು ಯಾರು?"

"ನೀವಿದ್ದೀರಲ್ಲ. ನನ್ನ ಜಾಮು ನಿಮ್ಮಷ್ಟು ತಿಂದೋರು ಯಾರಿದ್ದಾರೆ?"

ಮಾಮ ಚೀಲ ಹಿಡಿದು ಹಣ್ಣಿನಂಗಡಿಗೆ ಹೊರಟ.

ಅವಳು ಹೇಳಿದ ಹಾಗೆ ಅವನು ತೊಟ್ಟು ಬಿಡಿಸಿದ, ಸಕ್ಕರೆ ಸುರಿದ, ತೊಳಸಿದ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿ ಮಂಚದ ಹತ್ತಿರ ತಂದ. ಅವಳು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಹನಿ ಹರಿಯದೆ ಸುಕ್ಕುಗಟ್ಟಿತು. "ಸುಕ್ಕು ಬಂತು, ಹದ ಆಯ್ತು. ಈಗ ನೀವು ರುಚಿ ಹೇಳಿ."

ಅವನು ಬಾಯಿಗಿಟ್ಟುಕೊಂಡ. ಹಲ್ಲು ಗಂಟೆ ಹೊಡೆಯಿತು. ಸಿಹಿಯಾಗಿತ್ತು, ಅಷ್ಟೇ. ಅವಳದರ ಹಾಗಿದೆಯೋ ಇಲ್ಲವೋ ಎಂದು ಹೇಳಲು ಅವನ ನಾಲಿಗೆಯಲ್ಲಿ ಅವಳದರ ನೆನಪೇ ಇರಲಿಲ್ಲ.

"ಆರಲಿ ತಾಳು," ಎಂದ. ಮಾರನೆಯ ಬೆಳಿಗ್ಗೆ ನರ್ಸಮ್ಮನನ್ನು ಅವಳ ಬಳಿ ಕೂರಿಸಿ, ಹಳೆಯ ಡಬ್ಬಿಗೆ ಜಾಮು ತುಂಬಿಕೊಂಡು, ಊರಿನ ಆಚೆ ತುದಿಗೆ ಹೋಗುವ ಬಸ್ಸು ಹತ್ತಿದ.

ಡೊಳ್ಳು ಹವಾಲ್ದಾರನ ಡೊಳ್ಳು ಕರಗಿ ಹೆಸರು ಮಾತ್ರ ಉಳಿದಿತ್ತು. ಅವನು ಬೆರಳು ಅದ್ದಿ ನೆಕ್ಕಿ ತಲೆಯಾಡಿಸಿದ. "ಇದಲ್ಲ ಮಾರಾಯ. ನಿನ್ನ ಹೆಂಡತಿಯದು ಮೊದಲು ಹುಳಿ, ಆಮೇಲೆ ಸಿಹಿ, ನುಂಗಿದ ಮೇಲೆ ಮತ್ತೆ ಸಣ್ಣಗೆ ಹುಳಿ. ಇದು ಬರೀ ಸಕ್ಕರೆ."

ತನ್ನ ಹೆಂಡತಿಯ ಕೈರುಚಿಯನ್ನು ಇನ್ನೊಬ್ಬನ ಬಾಯಲ್ಲಿ ಕೇಳಿಕೊಂಡು ಮಾಮ ಮನೆಗೆ ಬಂದ. ನಿಂಬೆ ಹಿಂಡಿ ಮತ್ತೆ ಕಾಯಿಸಿದ. ಮರುದಿನ ಮತ್ತೆ ಬಸ್ಸು. "ಹುಳಿ ಸರಿಹೋಯ್ತು, ಹಣ್ಣು ಎಲ್ಲಿ?" ಎಂದ ಹವಾಲ್ದಾರ. ಹಿಪ್ಪುನೇರಳೆ ತಂದು ಸುರಿದು ಮತ್ತೆ ಕಾಯಿಸಿದ. ಕಾಯಿಸಿದಷ್ಟೂ ಪಾತ್ರೆಯಲ್ಲಿ ಜಾಮು ಗಟ್ಟಿಯಾಗುತ್ತಿತ್ತು. ಮಂಚದ ಮೇಲೆ ಅವಳು ತೆಳ್ಳಗಾಗುತ್ತಿದ್ದಳು.

"ದಿನಾ ಎಲ್ಲಿಗೆ ಹೋಗ್ತೀರಿ?"

"ನಿಂಬೆಹಣ್ಣಿಗೆ."

"ಡಬ್ಬಿ ತಗೊಂಡು?"

ಅವನು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ. ಅವಳ ಪಕ್ಕ ಕೂರಬೇಕಾದ ಬೆಳಗುಗಳನ್ನು ಬಸ್ಸಿನ ಸೀಟಿನಲ್ಲಿ ಕಳೆಯುತ್ತಿದ್ದೇನೆ ಎಂದು ಗೊತ್ತಿತ್ತು. ಆದರೆ ಅವಳು ಕೇಳಿದ್ದು ಅದೊಂದೇ.

ಕೊನೆಗೊಂದು ದಿನ ಹವಾಲ್ದಾರ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ತೆರೆದಾಗ ಕಣ್ಣು ಒದ್ದೆಯಾಗಿತ್ತು. "ಇದೇ," ಎಂದ. ಉಳಿದದ್ದನ್ನೂ ಕೆರೆದು ತಿಂದು, ಎದ್ದು ಹೋಗಿ, ಹಳೆಯ ರೂಢಿಯಂತೆ ಡಬ್ಬಿ ತೊಳೆದು ತಂದುಕೊಟ್ಟ.

ಮಾಮ ಓಡೋಡಿ ಬಂದ. ಅವಳು ಮಾತಾಡಿದ ಕೊನೆಯ ದಿನ ಅದು.

"ಹೇಗಿದೆ?" ಎಂದಳು. ದನಿ ಸೂಜಿಗೆ ಪೋಣಿಸುವಷ್ಟು ಸಣ್ಣಗಾಗಿತ್ತು.

"ಇದೇ ಕಣೇ, ಥೇಟ್ ನಿಂದೇ! ಮೊದಲು ಹುಳಿ, ಆಮೇಲೆ ಸಿಹಿ, ನುಂಗಿದ ಮೇಲೆ ಮತ್ತೆ ಸಣ್ಣಗೆ ಹುಳಿ."

ಅವಳು ಅವನ ಮುಖ ನೋಡಲಿಲ್ಲ. ಕೈಯಲ್ಲಿದ್ದ, ಇನ್ನೂ ನೀರು ಆರದ ಡಬ್ಬಿಯನ್ನು ನೋಡಿದಳು.

"ಹವಾಲ್ದಾರರು ಚೆನ್ನಾಗಿದ್ದಾರಾ?"

ಮಾಮ ಮಂಚದ ಅಂಚಿನ ಮೇಲೆ ಕೂತ. "ಯಾವಾಗಿಂದ ಗೊತ್ತು?" ಎಂದ.

"ಮೊದಲನೇ ವಾರದಿಂದ. ಡಬ್ಬಿ ತೊಳೆದು ಬರ್ತಿತ್ತು. ನೀವು ಈ ಮನೇಲಿ ಒಂದು ಲೋಟ ತೊಳೆದವರಲ್ಲ. ಒಂದ್ಸಲ ಅವರು ಮನೆಗೆ ಬಂದಾಗ ನನ್ನ ಬಾಟ್ಲಿಗಳನ್ನ ನೋಡಿದ ರೀತಿಗೆ, ತಿಂತಿರೋದು ಇವರೇ ಅಂತ ಗೊತ್ತಾಯ್ತು."

ಅವನು ಅವಳ ಕೈ ಹಿಡಿದುಕೊಂಡ. ಬೆರಳ ತುದಿಯ ಸೂಜಿಗಾಯಗಳು ಮಾತ್ರ ಮೊದಲಿನಂತೆ ಒರಟಾಗಿದ್ದವು. ಇಷ್ಟು ವರ್ಷ ದಿನಾ ಬೆಳಿಗ್ಗೆ ಇವನ ಸುಳ್ಳಿಗೆ ಜಾಮು ಹಚ್ಚಿ, ಡಬ್ಬಿ ಮುಚ್ಚಿ ಕೊಟ್ಟ ಕೈ ಅದು. ನಿಮಗೋಸ್ಕರ ಎಂದಾಳು, ನಿಮ್ಮ ಮನಸ್ಸು ನೋಯಬಾರದೂಂತ ಎಂದಾಳು ಎಂದು ಆಸೆಪಟ್ಟು ಕೇಳಿದ:

"ಗೊತ್ತಿದ್ದೂ ಯಾಕೇ ಕಳಿಸ್ತಿದ್ದೆ?"

"ಹವಾಲ್ದಾರರಿಗೆ ಇಷ್ಟ ಅಲ್ವಾ," ಎಂದಳು.