ಸೊಸೆಯ ಬಲಗಾಲು

ಬಟ್ಟೆ ಕಾರ್ಖಾನೆಯ ಹೆಂಗಸರೆಲ್ಲ ಅವಳನ್ನು ಡ್ರೈವರಕ್ಕ ಎನ್ನುತ್ತಾರೆ. ಬೆಳಿಗ್ಗೆ ಏಳಕ್ಕೆ ಹತ್ತೊಂಬತ್ತು ಮಂದಿಯನ್ನು ವ್ಯಾನಿಗೆ ಹತ್ತಿಸಿಕೊಂಡು ಕಾರ್ಖಾನೆಯ ಗೇಟಿಗೆ ಬಿಡುವುದು, ಸಂಜೆ ಅದೇ ಹತ್ತೊಂಬತ್ತು ಮಂದಿಯನ್ನು ಮನೆ ಮುಟ್ಟಿಸುವುದು ಅವಳ ಕೆಲಸ. ಹನ್ನೆರಡು ವರ್ಷದಲ್ಲಿ ವ್ಯಾನಿಗೆ ಒಂದು ಗೀರು ಬಿದ್ದಿಲ್ಲ. ಅಂಥವಳ ವ್ಯಾನನ್ನು ಒಂದೇ ಒಂದು ದಿನವೂ ಹತ್ತದವರು ಅವಳ ಮನೆಯಲ್ಲೇ ಇದ್ದರು, ಅವಳ ಅತ್ತೆ.

ಅತ್ತೆಗೆ ಗಾಡಿಯ ಬಾಗಿಲು ಕಂಡರೇ ಹೊಟ್ಟೆ ತೊಳಸುತ್ತಿತ್ತು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಕೂತರೂ ಎರಡನೇ ತಿರುವು ದಾಟುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಮದುವೆಗೆ ಹೋಗುವಾಗ ಬೀಗರ ಎದುರಿಗೇ ಮಾನ ಹೋದ ಮೇಲೆ, ಇನ್ನು ಸಾಕು ಎಂದು ಕೈಮುಗಿದುಬಿಟ್ಟರು. ಮಾರುಕಟ್ಟೆ, ಬ್ಯಾಂಕು, ಹಲ್ಲಿನ ಡಾಕ್ಟರು, ಎಲ್ಲಕ್ಕೂ ನಡಿಗೆಯೇ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಗುಡ್ಡದ ಕೆಳಗಿನ ಊರಲ್ಲಿದ್ದ ಅತ್ತೆಯ ತಂಗಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವವರೆಗೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಆಕೆಯೇ ಬಸ್ಸು ಹತ್ತಿ ಬಂದು ಎರಡು ದಿನ ಹರಟೆ ಹೊಡೆದು ಹೋಗುತ್ತಿದ್ದರು. "ಇನ್ಮೇಲೆ ನನ್ ಕೈಲಿ ಗುಡ್ಡ ಹತ್ತೋಕಾಗಲ್ಲ ಅಕ್ಕಾ. ಫೋನಲ್ಲೇ ಮುಖ ನೋಡ್ಕೊಳ್ಳೋದು ಅಷ್ಟೇ" ಎಂದರಂತೆ. ಅತ್ತೆ ಫೋನಿಟ್ಟು ಗೋಡೆ ಕಡೆ ತಿರುಗಿ ಕೂತು ಬಟಾಣಿ ಸುಲಿದರು. ಒಂದು ಕಿಲೋ ಬಟಾಣಿ ಮುಗಿಯುವವರೆಗೂ ಈ ಕಡೆ ತಿರುಗಲಿಲ್ಲ. ಡ್ರೈವರಕ್ಕ ಅದನ್ನು ಬಾಗಿಲಲ್ಲೇ ನಿಂತು ನೋಡಿದಳು.

ಊರಿನಿಂದ ಕೆಳಗಿಳಿಯಲು ಹದಿನಾಲ್ಕು ತಿರುವು. ಮಾರನೇ ದಿನ ಅವಳು ನೆಟ್ಟಗೆ ಗ್ಯಾರೇಜಿಗೆ ಹೋಗಿ, ಮೇಸ್ತ್ರಿಯ ಎದುರು ನಿಂತಳು.

"ಇಳಿಜಾರಲ್ಲಿ ಒಳಗಿರೋರಿಗೆ ಗೊತ್ತೇ ಆಗ್ದಂಗೆ ಓಡಿಸ್ಬೇಕು. ಹೇಗೆ?"

"ಗೇರು ಇಳಿಸೋವಾಗ ಕನ್ನಡೀಲಿ ಹಿಂದಿನೋರ ತಲೆ ನೋಡಿದೀರಾ?"

ನೋಡಿದ್ದಳು. ಮೂರರಿಂದ ಎರಡಕ್ಕೆ ಹಾಕಿದಾಗಲೆಲ್ಲ ಹತ್ತೊಂಬತ್ತು ತಲೆಗಳೂ ಒಟ್ಟಿಗೆ ಹೌದು ಹೌದು ಎಂದು ಆಡುತ್ತಿದ್ದವು. ತನ್ನ ಡ್ರೈವಿಂಗಿಗೆ ಮೆಚ್ಚುಗೆ ಎಂದೇ ಇಷ್ಟು ದಿನ ನಗುತ್ತಿದ್ದಳು, ಪಾಪ.

"ಆ ಜಗ್ಗೇ ಹೊಟ್ಟೆಗೆ ಹೋಗೋದು. ಚಕ್ರ ಜೋರಾಗಿ ಓಡ್ತಿರುತ್ತೆ, ಎಂಜಿನ್ ಇನ್ನೂ ಆಕಳಿಸ್ತಿರುತ್ತೆ. ಕ್ಲಚ್ ಬಿಟ್ರೆ ಎರಡಕ್ಕೂ ಜಗಳ. ಅದಕ್ಕೆ ಕ್ಲಚ್ ಒತ್ತಿರೋವಾಗ್ಲೇ ಆಕ್ಸಿಲರೇಟರ್‌ನ ಒಂದ್ಸಲ ತಟ್ಟಿ ಎಂಜಿನ್ನ ಎಬ್ಬಿಸ್ಬೇಕು."

"ಬಲಗಾಲು ಬ್ರೇಕ್ ಮೇಲಿರುತ್ತಲ್ಲ ಮೇಸ್ತ್ರಿ. ಮೂರನೇ ಕಾಲು ನಿಮ್ಮನೆಯಿಂದ ತರ್ಲಾ?"

"ಇರೋ ಕಾಲಲ್ಲೇ ಎರಡೂ ಮಾಡ್ಬೇಕಕ್ಕ. ತುದಿಗಾಲು ಬ್ರೇಕ್ ಮೇಲೆ, ಹಿಮ್ಮಡಿ ಆಕ್ಸಿಲರೇಟರ್ ಮೇಲೆ. ರೇಸಿನೋರು ಹೀಲ್-ಟೋ ಅಂತಾರೆ."

ಅವತ್ತಿನಿಂದ ಅವಳಿಗೆ ಹುಚ್ಚು ಹಿಡಿಯಿತು. ಭಾನುವಾರ ಖಾಲಿ ಮೈದಾನದಲ್ಲಿ ವ್ಯಾನು ಕುದುರೆಯಂತೆ ಕುಪ್ಪಳಿಸಿತು. ಹಿಮ್ಮಡಿ ಎನ್ನುವುದು ಹೆಸರಿಗೆ ಮಾತ್ರ, ಅವಳ ವ್ಯಾನಿನಲ್ಲಿ ಅದು ಎಟುಕುತ್ತಲೇ ಇರಲಿಲ್ಲ. ಪಾದದ ಎಡಭಾಗದಲ್ಲಿ ಬ್ರೇಕು ಬಿಗಿಹಿಡಿದು, ಬಲ ಅಂಚನ್ನು ಹೊರಳಿಸಿ ತಟ್ಟಬೇಕೆಂದು ಕಂಡುಕೊಳ್ಳುವುದಕ್ಕೇ ಮೂರು ಭಾನುವಾರ ಬೇಕಾಯಿತು. ಮನೆಯಲ್ಲಿ ಊಟದ ಮೇಜಿನ ಕೆಳಗೆ ದಪ್ಪ ಪುಸ್ತಕವೇ ಬ್ರೇಕು, ಹಳೇ ಚಪ್ಪಲಿಯೇ ಆಕ್ಸಿಲರೇಟರು. ಮೇಲೆ ಕೈ ಅನ್ನ ಕಲಸುತ್ತಿದ್ದರೆ ಕೆಳಗೆ ಬಲಗಾಲು ಹೊರಳಿ ಹೊರಳಿ ತಟ್ಟುತ್ತಿತ್ತು.

ಇದನ್ನು ಅತ್ತೆಗೆ ಹೇಳುವ ಹಾಗಿರಲಿಲ್ಲ. ನಿಮ್ಮನ್ನು ಕರೆದೊಯ್ಯಲು ಕಲಿಯುತ್ತಿದ್ದೇನೆ ಎಂದರೆ ಅಲ್ಲೇ ಖಂಡಿತ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದರು. ಹೇಳದಿದ್ದಕ್ಕೆ ಬೇರೆಯದೇ ಆಯಿತು. ಒಂದು ಸಂಜೆ ಬಿದ್ದ ಚಮಚ ಎತ್ತಲು ಬಗ್ಗಿದ ಅತ್ತೆ, ಸೊಸೆಯ ಕಾಲು ತನ್ನಷ್ಟಕ್ಕೆ ತಾನೇ ತಿರುಚಿಕೊಳ್ಳುವುದನ್ನು ಕಂಡು ಎದೆ ಬಡಿದುಕೊಂಡರು.

"ನರದ ತೊಂದರೆ ಕಣೇ ಇದು! ಹನ್ನೆರಡು ವರ್ಷ ಗಾಡಿ ಓಡಿಸಿ ಕಾಲು ಸವೆದುಹೋಗಿದೆ. ಬಾ ಇಲ್ಲಿ."

"ಏನಿಲ್ಲ ಅತ್ತೆ, ಸುಮ್ನೆ..."

"ಬಾಯ್ಮುಚ್ಚು. ಕಾಲು ಚಾಚು."

ದಿನಾ ಸಂಜೆ ಬಿಸಿ ಎಣ್ಣೆ ಹಚ್ಚಿ ಹಿಮ್ಮಡಿಯಿಂದ ಮೊಣಕಾಲವರೆಗೆ ನೀವಿದರು. ನಿಜ ಹೇಳಬೇಕೆಂದರೆ ಡ್ರೈವರಕ್ಕನಿಗೆ ಅದು ಸುಖವೇ ಆಗಿತ್ತು. ಆದರೆ ಮರುದಿನ ಪಾದ ಚಪ್ಪಲಿಯೊಳಗೆ ಜಾರಿ, ಮೈದಾನದಲ್ಲಿ ಎರಡು ಸಲ ಬ್ರೇಕು ತಪ್ಪಿತು. ಆಮೇಲೆ ಸೋಪು ಹಾಕಿ ಕಾಲು ತಿಕ್ಕಿ, ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗತೊಡಗಿದಳು. ಸಂಜೆ ಎಣ್ಣೆ, ಬೆಳಿಗ್ಗೆ ಸೋಪು, ಎರಡು ತಿಂಗಳು ಹೀಗೇ ನಡೆಯಿತು.

ಕಾಲು ಪಳಗಿದ ಮೇಲೆ ದಿನದ ದಾರಿಯಲ್ಲೂ ಶುರು ಮಾಡಿದಳು. ಒಂದು ಬುಧವಾರ ಕಾರ್ಖಾನೆಯ ಇಳಿಜಾರಿನಲ್ಲಿ ಬ್ರೇಕು, ಕ್ಲಚ್ಚು, ಒಂದು ತಟ್ಟು, ಎರಡನೇ ಗೇರು. ಕನ್ನಡಿ ನೋಡಿದಳು. ಹತ್ತೊಂಬತ್ತು ತಲೆಗಳಲ್ಲಿ ಒಂದೂ ಅಲುಗಿರಲಿಲ್ಲ! ಒಬ್ಬಾಕೆ ಕಾಡಿಗೆ ಹಚ್ಚಿಕೊಳ್ಳುತ್ತಿದ್ದಳು, ಗೆರೆ ನೆಟ್ಟಗಿತ್ತು. ಡ್ರೈವರಕ್ಕ "ಹೋ!" ಎಂದು ಕೂಗಿಯೇಬಿಟ್ಟಳು. ಕಾಡಿಗೆ ಕಿವಿಯವರೆಗೆ ಹೋದದ್ದು ಆಗ.

ಅಂದೇ ಸಂಜೆ ಎಣ್ಣೆ ಹಚ್ಚುತ್ತಿದ್ದ ಅತ್ತೆಯ ಕೈ ಹಿಡಿದುಕೊಂಡಳು. "ಭಾನುವಾರ ಚಿಕ್ಕತ್ತೆನ ನೋಡೋಕೆ ಹೋಗೋಣ. ಮಾಲೀಕರು ವ್ಯಾನು ಕೊಡ್ತಾರೆ. ಒಂದೇ ಒಂದು ತಿರುವು ನೋಡಿ. ಹೊಟ್ಟೆ ತೊಳಸಿದ್ರೆ ಅಲ್ಲೇ ಇಳಿದು, ಇಬ್ರೂ ನಡ್ಕೊಂಡೇ ವಾಪಸ್ ಬರೋಣ."

ಅತ್ತೆ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟರು. ಆಮೇಲೆ, "ಈ ಕಾಲಿಟ್ಕೊಂಡು ನೀನು ನಡೀತೀಯಾ?" ಎಂದರು. ಬೇಡ ಎನ್ನಲಿಲ್ಲ!

ಭಾನುವಾರ ಬೆಳಿಗ್ಗೆ ಅತ್ತೆ ನಿಂಬೆಹಣ್ಣು, ಕವರು ಹಿಡಿದು ಮುಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತರು. ಇವತ್ತು ಕೆಟ್ಟರೆ ಅಕ್ಕತಂಗಿಯರಿಗೆ ಇನ್ನು ಫೋನೇ ಗತಿ ಎಂದು ಡ್ರೈವರಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ತಿರುವು ಬಂತು. ಬ್ರೇಕು, ಕ್ಲಚ್ಚು, ತಟ್ಟು, ಗೇರು. ವ್ಯಾನು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಎರಡು, ಮೂರು, ನಾಲ್ಕು. ಕವರು ಬಾಯಿ ತೆರೆಯಲಿಲ್ಲ. ಆರನೆಯದರಲ್ಲಿ ಎದುರಿಗೆ ಲಾರಿ ಬಂತು. ತಟ್ಟು ಒಂದು ಚೂರು ತಡವಾಯಿತು, ವ್ಯಾನು ಜಗ್ಗಿತು. ಅತ್ತೆ "ಉಮ್" ಎಂದು ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡರು.

"ನಿಲ್ಲಿಸ್ಲಾ ಅತ್ತೆ?"

ಅತ್ತೆ ಉತ್ತರ ಹೇಳಲು ಕಣ್ಣು ಬಿಟ್ಟರು. ಕಣ್ಣು ಮೊದಲು ಬಿದ್ದದ್ದು ಸೊಸೆಯ ಬಲಗಾಲಿನ ಮೇಲೆ. ಏಳನೇ ತಿರುವಿಗೆ ಆ ಕಾಲು ಬ್ರೇಕಿನ ಮೇಲೆ ಹೊರಳಿ, ತಿರುಚಿ, ತಟ್ಟಿತು. ಮೇಜಿನ ಕೆಳಗೆ ಕಂಡಂತೆಯೇ, ಎರಡು ತಿಂಗಳು ತಾವು ನೀವಿ ನೀವಿ ಸರಿಮಾಡಲು ಹೋದ ಅದೇ ತಿರುಚು.

"ಅಯ್ಯೋ ನಿನ್ನ! ಇದಕ್ಕಾ?"

"ಹೂಂ."

"ನನ್ನ ಎಣ್ಣೆಯೆಲ್ಲಾ ಹಾಳು ಮಾಡಿದ್ಯಲ್ಲೇ! ನರ ಹೋಯ್ತು ಅಂತ ನಾನು ದಿನಾ ಅಳ್ತಿದ್ದೆ ಗೊತ್ತಾ?" ಬೈಯುತ್ತಿದ್ದವರ ಕಣ್ಣಲ್ಲಿ ನೀರಿತ್ತು. ಅವರು ಅದನ್ನು ಸೆರಗಿನಿಂದ ಒರೆಸಿಕೊಂಡು, ಸೀಟಿನಲ್ಲಿ ನೆಟ್ಟಗೆ ಕೂತು, ರಸ್ತೆ ನೋಡತೊಡಗಿದರು. ಎಂಟನೇ ತಿರುವು ಕಾಣುತ್ತಿದ್ದಂತೆ ಗಟ್ಟಿಯಾಗಿ, "ಈಗ ಕುಣಿಸು!" ಎಂದರು.

ಕುಣಿಸಿದಳು. ಒಂಬತ್ತಕ್ಕೆ "ಕುಣಿಸು!" ಹತ್ತಕ್ಕೆ "ಕುಣಿಸು ಕುಣಿಸು!" ಹದಿನಾಲ್ಕನೆಯದರ ಹೊತ್ತಿಗೆ ಅತ್ತೆ ಮಕ್ಕಳಂತೆ ಕೇಕೆ ಹಾಕುತ್ತಿದ್ದರು, ಡ್ರೈವರಕ್ಕ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು.

ತಂಗಿ ವಾಕರ್ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದರು. ಅಕ್ಕ ಗಾಡಿಯಿಂದ ಇಳಿಯುವುದನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ನಿಂತುಬಿಟ್ಟರು. ಆ ಹೊತ್ತಿನ ಖುಷಿಗೆ ಡ್ರೈವರಕ್ಕ ವ್ಯಾನಿನ ಬಾಗಿಲು ಹಾಕುವುದನ್ನೇ ಮರೆತಳು.

ಸಂಜೆ ಹೊರಡುವಾಗ ತಂಗಿ ಹಿತ್ತಲಿನ ಪೇರಲೆಹಣ್ಣು ತುಂಬಿಸಿಕೊಡಲು ಚೀಲ ಹುಡುಕಿದರು. ಅತ್ತೆ ಮಡಿಸಿದಂತೆಯೇ ಇದ್ದ ತಮ್ಮ ಕವರನ್ನು ಕೊಡವಿ ಬಿಡಿಸಿ ಮುಂದೆ ಹಿಡಿದರು. ವ್ಯಾನು ಗುಡ್ಡ ಹತ್ತತೊಡಗಿತು. ಎರಡು ತಿರುವು ಕಳೆದ ಮೇಲೆ ಅತ್ತೆ ಬಗ್ಗಿ ಸೊಸೆಯ ಕಾಲು ನೋಡಿದರು.

"ಯಾಕೇ, ಈಗ ಕುಣಿಸಲ್ಲ?"

"ಹತ್ತೋವಾಗ ಬೇಕಾಗಲ್ಲ ಅತ್ತೆ. ಅದು ಇಳಿಯೋವಾಗ ಮಾತ್ರ."

ಅತ್ತೆ ಒಂದು ಪೇರಲೆ ತೆಗೆದು, ಸೆರಗಿನಲ್ಲಿ ಒರೆಸಿ, ಕಚ್ಚಿದರು. ಓಡುವ ಗಾಡಿಯಲ್ಲಿ ಕೂತು ಅವರು ತಿಂದದ್ದು ಜನ್ಮದಲ್ಲಿ ಅದೇ ಮೊದಲು.

"ಹಾಗಾದ್ರೆ ಮುಂದಿನ ಭಾನುವಾರ ಮತ್ತೆ ಇಳಿಯೋಣ" ಎಂದರು.