ಅಳತೆಯವರ ಮುಂದೆ ಕುರಿ ನಿಲ್ಲಿಸಿದ ದೊಡ್ಡಗಂಗಮ್ಮ

ತೋಟದಲ್ಲಿ ಒಂದು ರಾತ್ರಿ ಕುರಿ ಮಂದೆ ತಂಗಿದರೆ ಸಾವಿರ ರೂಪಾಯಿ, ಜೊತೆಗೆ ಎರಡು ಸೇರು ರಾಗಿ. ಗೊಬ್ಬರ ಬೇಕಾದ ರೈತರು ಕೊಡುವ ದರ ಇದು. ಸುಗ್ಗಿ ಮುಗಿದ ಮೇಲೆ ಅಮೃತೂರಿನ ಕಡೆ ಹೋದರೆ ಮೂರು ತಿಂಗಳು ಈ ಸಂಪಾದನೆಗೆ ಮೋಸವಿಲ್ಲ. ಗುಬ್ಬಿ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಯ ದೊಡ್ಡಗಂಗಮ್ಮ ಕಳೆದ ಸುಗ್ಗಿಯಲ್ಲಿ ಅದನ್ನು ಬಿಟ್ಟುಕೊಟ್ಟವರು.

ಬೆಳಗಿನ ಜಾವ ಗೋಮಾಳದಲ್ಲಿ ಅವರು ಕುರಿ ರೊಪ್ಪದ ಮುಳ್ಳು ಸರಿಸುತ್ತಿದ್ದಾರೆ. "ಏನ್ಲೇ ಕೊಬ್ಬಿದೋಳೆ, ಮರಿಗೋಳು ಮುಂದೆ ಹೋಗ್ಲಿ ಕಣೇ" ಎಂದು ನುಗ್ಗುವ ಕುರಿಯೊಂದನ್ನು ಗದರುತ್ತಾರೆ. ಎದುರಿಗೆ ಸಾಲಾಗಿ ಗಡಿಕಲ್ಲುಗಳು. ವಿಶೇಷ ಆರ್ಥಿಕ ವಲಯಕ್ಕೆಂದು ನೆಟ್ಟವು.

ಕಲ್ಲು ನೆಡುವ ಮೊದಲು ಅಳತೆಯವರು ಬಂದದ್ದು ಅದಕ್ಕೂ ಹಿಂದಿನ ವರ್ಷ, ಸುಗ್ಗಿಯ ನಂತರ. ಹಟ್ಟಿಯ ಮಂದೆಗಳೆಲ್ಲ ಅಮೃತೂರಿನಲ್ಲಿದ್ದವು. 'ಬಳಕೆಯಿಲ್ಲದ ಜಾಗ' ಎಂದು ಬರೆದುಕೊಂಡು ಹೋದರು. ಮುಳ್ಳಿನಲ್ಲೇ ಕಟ್ಟಿದ ಜುಂಜಪ್ಪನ ಗುಡಿಯನ್ನು ಪೊದೆ ಅಂದುಕೊಂಡರು.

"ಬೀಗ ಹಾಕ್ಕೊಂಡು ಮದ್ವೆಗೋದ್ರೆ ಮನೆ ಇನ್ನೊಬ್ರುದಾಗ್ತದಾ?" ದೊಡ್ಡಗಂಗಮ್ಮ ಕೇಳುತ್ತಾರೆ.

ಹಟ್ಟಿಯವರು ತುಮಕೂರಿನ ಕಚೇರಿಗೆ ಅಲೆದು ಮರು ಅಳತೆಗೆ ಒಪ್ಪಿಸಿದರು. ಯಾವತ್ತು ಬರುತ್ತಾರೆಂದು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಮತ್ತೆ ಸುಗ್ಗಿ ಬಂತು. ತಮ್ಮ ಮಂದೆ ಇಲ್ಲೇ ಇರಲಿ ಎಂದು ದೊಡ್ಡಗಂಗಮ್ಮ ಹಟ ಹಿಡಿದರು. ಗಂಡ ಚಿಕ್ಕರಂಗಯ್ಯ ರೇಗಿದರು: "ವರ್ಷದ ಕೂಳು ಅಲ್ಲೈತೆ, ನೀನಿಲ್ಲಿ ಕಲ್ಲು ಕಾಯ್ತೀಯಾ?"

"ನೀನೋಗು, ಯಾರು ಬ್ಯಾಡ ಅಂದ್ರು? ಕುರಿ ಮಾತ್ರ ಬರಲ್ಲ."

ಕುರಿ ಇಲ್ಲದೆ ಅವರಾದರೂ ಎಲ್ಲಿಗೆ ಹೋದಾರು? ಒಣಗಿದ ಗೋಮಾಳದಲ್ಲಿ ಮೇವು ಸಾಲಲಿಲ್ಲ. ಮಂದೆಯ ಅರ್ಧ ಮಾರಿ, ಉಳಿದವಕ್ಕೆ ಹುಲ್ಲು ಕೊಂಡರು.

ಅಳತೆಯವರು ಕೊನೆಗೂ ಬಂದಾಗ ಮಂದೆ ಗುಡಿಯ ಸುತ್ತ ನಿಂತಿತ್ತು. "ಅಮ್ಮಾ, ಕುರಿ ಸ್ವಲ್ಪ ಆಚೆ ಹೊಡ್ಕೊಳ್ಳಿ, ಅಳೀಬೇಕು" ಎಂದ ಒಬ್ಬ ಹುಡುಗ.

"ಅವನ್ನೂ ಸೇರಿಸ್ಕೊಂಡೇ ಅಳೀರಿ ಸ್ವಾಮಿ. ಹೋದ್ಸಲ ಬುಟ್ಟೋಗಿತ್ತು."

ಗೋಮಾಳ ಮತ್ತೆ ಖಾಲಿ ಕಾಣಬಾರದೆಂದು, ಈಗ ಪ್ರತಿ ಸುಗ್ಗಿಗೆ ಒಂದೊಂದು ಮನೆಯ ಮಂದೆ ಸರದಿಯಂತೆ ಇಲ್ಲೇ ಉಳಿಯಬೇಕು, ಮೇವಿನ ಖರ್ಚು ಎಲ್ಲರೂ ಹಂಚಿಕೊಳ್ಳಬೇಕು ಎಂದು ಹಟ್ಟಿ ತೀರ್ಮಾನಿಸಿದೆ. ಈ ವರ್ಷದ ಸರದಿಗೂ ದೊಡ್ಡಗಂಗಮ್ಮನೇ ಮುಂದೆ ಬಂದಿದ್ದಾರೆ. "ನಮ್ಮವುಕ್ಕೆ ಅಭ್ಯಾಸ ಆಗೈತೆ ಬುಡಿ" ಎಂದು ನಗುತ್ತಾರೆ.

ಹೊಸ ನಕ್ಷೆಯಲ್ಲಿ ಹುಲ್ಲು ಚೆನ್ನಾಗಿ ಬರುತ್ತಿದ್ದ ಮೇಲಿನ ದಿಬ್ಬ ವಲಯಕ್ಕೆ ಹೋಯಿತು. ಗುಡಿ, ಕೆಳಗಿನ ಗೋಮಾಳ ಮತ್ತು ಕೆರೆಗೆ ಹೋಗುವ ದಾರಿ ಹಟ್ಟಿಗೆ ಉಳಿದವು.