ಸೀತನಿ ತಂದ ಗಾಡಿ

ಮದುವೆಯಾಗಿ ಜತ್ತದ ಪೇಟೆ ಓಣಿಗೆ ಬಂದಾಗ ನನಗೆ ಹದಿನಾರು ತುಂಬಿತ್ತು. ಸಂಸ್ಥಾನ ಮುಗಿದು ಕೆಲವೇ ವರ್ಷಗಳಾಗಿದ್ದವು. ಹಿರಿಯರು ಇನ್ನೂ ಮಾತುಮಾತಿಗೆ ‘ಸರಕಾರರ ಕಾಲದಾಗ’ ಎನ್ನುತ್ತಿದ್ದರು. ನನ್ನ ತವರು ಯಳವಿ, ಹೊಲಮನೆಯ ಊರು. ಗಂಡನ ಮನೆಯದು ಅರಿವೆ ಅಂಗಡಿ, ಹೊಲ ಒಂದು ಗೇಣೂ ಇಲ್ಲ. ಜೋಳವನ್ನು ಸಹ ಕೊಂಡು ತಿನ್ನುವ ಮನೆಗೆ ನನ್ನನ್ನು ಕೊಟ್ಟನಲ್ಲ ಎಂದು ಮೊದಲ ತಿಂಗಳು ಅಪ್ಪನ ಮೇಲೆ ಸಿಟ್ಟಾಗಿದ್ದೆ. ಎರಡನೆಯ ತಿಂಗಳಿಗೆ ಆ ಸಿಟ್ಟು ಅತ್ತೆಯ ಕಡೆಗೆ ತಿರುಗಿತು.

ಅತ್ತೆಯವರದು ಕಡಿಮೆ ಮಾತು. ಬೈಯುತ್ತಿರಲಿಲ್ಲ, ಹೊಡೆಯುವುದು ದೂರದ ಮಾತು. ಆದರೆ ನಕ್ಕಿದ್ದನ್ನೂ ನಾನು ಕಂಡಿರಲಿಲ್ಲ. ಪಂಚಮಿಗೆ ಅಣ್ಣ ನನ್ನನ್ನು ಕರೆಯಲು ಬಂದ. ಮನೆಯಲ್ಲಿ ಅತ್ತೆಗೆ ಜ್ವರ. ದೀಪಾವಳಿಗೆ ಮತ್ತೆ ಬಂದ. ಅಂಗಡಿಯಲ್ಲಿ ಗಿರಾಕಿಯ ಗದ್ದಲ, ಬಂದುಹೋಗುವವರಿಗೆ ಚಹಾ ಕಾಸುವವರಿಲ್ಲ. ಎರಡೂ ಸಲ ಅವನು ಊಟ ಮಾಡಿ, ರುಮಾಲು ಸರಿಪಡಿಸಿಕೊಂಡು, ಒಬ್ಬನೇ ಹೋದ. ಹೋಗುವಾಗ ಹೊರಳಿ ನೋಡಿದರೆ ನಾನು ಅಳುತ್ತೇನೆಂದು ಹೊರಳಿ ನೋಡಲಿಲ್ಲ. ನಾನು ಹೇಗೂ ಅತ್ತುಬಿಟ್ಟೆ.

ನಮ್ಮ ಓಣಿಯ ಹಿಂದೆ ಒಂದು ಬಯಲಿತ್ತು, ಬಯಲಿನ ನಡುವೆ ದೊಡ್ಡ ಬೇವಿನ ಗಿಡ. ಚಳಿ ಚೆನ್ನಾಗಿ ಬಿದ್ದು ಹೊಲಗಳಲ್ಲಿ ಜೋಳ ಹಾಲುಗಾಳಾದಾಗ, ಎಳ್ಳಮಾಸಿಯ ಆಸುಪಾಸಿನ ಒಂದು ರವಿವಾರ, ಓಣಿಯವರೆಲ್ಲ ಅಲ್ಲಿ ಸೇರಿ ಸೀತನಿ ತಿನ್ನುತ್ತಿದ್ದರು. ತಗ್ಗು ತೋಡಿ, ಕುಳ್ಳು ಒಟ್ಟಿ, ನಿಗಿನಿಗಿ ಕೆಂಡ ಮಾಡಿ, ಅದರಲ್ಲಿ ಎಳೆಯ ತೆನೆ ಹುಗಿದು ಸುಡುವುದು. ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿದರೆ ಹಸಿರು ಕಾಳು ಉಳಿಯುತ್ತದೆ. ಅದನ್ನು ಬೆಲ್ಲ, ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಜೊತೆ ತಿನ್ನುತ್ತ ಕೂತರೆ ಮಧ್ಯಾಹ್ನದ ಊಟದ ನೆನಪೇ ಆಗುವುದಿಲ್ಲ. ಅದಕ್ಕೆ ರೊಕ್ಕದ ವರ್ಗಣಿ ಇಲ್ಲ, ಕರೆಯುವ ಪದ್ಧತಿ ಇಲ್ಲ. ಬಯಲಿನಲ್ಲಿ ಸುಟ್ಟ ತೆನೆಗೆ ಮಡಿಯಿಲ್ಲ ಎಂದು ಹಿರಿಯರು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದರು. ಆ ದಿನ ಓಣಿಯಲ್ಲಿ ಕಾಲಿಟ್ಟವರು ಎತ್ತಿಗೆ ಲಾಳ ಹೊಡೆಯುವವರಾಗಲಿ, ಮಾಮಲೇದಾರ ಕಚೇರಿಯ ಸಿಪಾಯಿಯಾಗಲಿ, ತಿನ್ನದೆ ಹೊರಗೆ ಹೋಗುವಂತಿಲ್ಲ. ರವಿವಾರ ಟಪಾಲು ಇರುವುದಿಲ್ಲ. ಆದರೂ ನಮ್ಮ ಟಪಾಲಿನವನು ಆ ರವಿವಾರ ಮಾತ್ರ ತಪ್ಪದೆ, ‘ಒಂದು ಕಾರ್ಡ ಉಳಿದಿತ್ತರಿ’ ಎಂದು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಆ ಕಾರ್ಡು ಯಾರದೆಂದು ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ತಾನು ತಿಕ್ಕಿದ ಸೀತನಿಯನ್ನು ತಾನು ತಿನ್ನುವಂತಿಲ್ಲ, ಬಾಜೂಕ ಕೂತವರ ಅಂಗೈಗೆ ಸುರಿಯಬೇಕು. ಹೀಗಾಗಿ ಮಾತು ಬಿಟ್ಟವರು ಅಕ್ಕಪಕ್ಕ ಕೂತರೆ ಇಬ್ಬರೂ ಉಪವಾಸ. ಬಳೆ ಮಾರುವ ಖಾಲಾ ಮಾತು ಬಿಟ್ಟವರನ್ನೇ ಹುಡುಕಿ ಹುಡುಕಿ ಪಕ್ಕಪಕ್ಕ ಕೂಡಿಸುತ್ತಿದ್ದಳು. ಓಣಿಯ ಹೆಂಗಸರ ಕೈಗಳನ್ನೆಲ್ಲ ಬಲ್ಲವಳು, ಯಾವ ಕೈ ಯಾವ ಕೈಗೆ ಮುನಿದಿದೆ ಎಂಬುದೂ ಅವಳಿಗೆ ಗೊತ್ತು.

ತೆನೆ ತರಿಸುವ ಪಾಳಿ ವರ್ಷಕ್ಕೊಂದು ಮನೆಗೆ. ಆ ವರ್ಷ ನಮ್ಮ ಮನೆಯ ಪಾಳಿ ಬಂತು. ಒಂದು ಸಂಜೆ ಅತ್ತೆ ನನ್ನನ್ನು ಕರೆದು, “ನಿಮ್ಮಪ್ಪಗ ಒಂದ ಕಾರ್ಡ ಬರಿ. ಒಂದ ಗಾಡಿ ಎಳೀ ತೆನಿ ಬೇಕಾಗ್ಯಾವು. ಚಲೋ ತೆನಿ ಬಂದ್ರ, ಬಂದ ಗಾಡ್ಯಾಗ ಎಂಟ ದಿನ ತವರಿಗಿ ಹೋಗಿ ಬಾ” ಅಂದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಂಟು ದಿನ! ಅವ್ವನ ಕೈಯ ರೊಟ್ಟಿ, ಬಾವಿಯ ಕಟ್ಟೆ, ಎತ್ತುಗಳ ಕೊರಳ ಗಂಟೆ ಎಲ್ಲ ಕಣ್ಣಮುಂದೆ ಬಂದವು. ಬೆಳಿಗ್ಗೆ ಕಾರ್ಡು ತೆಗೆದುಕೊಂಡು ಕೂತೆ. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಸಾಲಿ ಕಲಿತವಳು ನಾನು. ಮನೆಯಲ್ಲಿ ಕನ್ನಡ ಆಡಿದರೂ ಬರೆಯಲು ಬರುತ್ತಿದ್ದುದು ಮರಾಠಿ. ಸುಮ್ಮನೆ ಅತ್ತೆ ಹೇಳಿದಷ್ಟೇ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹಿಂದಿನ ವರ್ಷ ಮೂಲೆಮನೆಯವರು ತಂದ ತೆನೆ ಬೆರಳುದ್ದ ಇದ್ದವಂತೆ, ಓಣಿಯೆಲ್ಲ ನಕ್ಕಿತ್ತಂತೆ. ಆ ಸುದ್ದಿಯನ್ನು ಬಾವಿಗೆ ಹೋದಾಗೊಮ್ಮೆ ಕೇಳಿದ್ದೆ. ನಮ್ಮಪ್ಪನ ತೆನೆ ನೋಡಿ ಯಾರೂ ನಗಬಾರದು. ಅದಕ್ಕೇ, ‘ಸಣ್ಣ ತೆನೆ ಒಂದೂ ಬೇಡ. ಹೊಲದಲ್ಲಿ ಎಲ್ಲಕ್ಕಿಂತ ದೊಡ್ಡವನ್ನೇ ಆರಿಸಿ ತಾ. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ’ ಎಂದು ಬರೆದೆ. ಕೊನೆಯ ವಾಕ್ಯದ ಕೆಳಗೆ ಗೆರೆಯನ್ನೂ ಎಳೆದೆ.

ಹೊಲದಲ್ಲಿ ಹುಟ್ಟಿ ಬೆಳೆದವಳು ಬರೆಯುವ ಮಾತೇ ಅದು? ಎಲ್ಲಕ್ಕಿಂತ ದೊಡ್ಡ ತೆನೆ ಎಂದರೆ ಎಲ್ಲಕ್ಕಿಂತ ಮೊದಲು ಬಿತ್ತಿದ ಪಟ್ಟಿಯದು, ಅಂದರೆ ಆಗಲೇ ಬಲಿತದ್ದು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ದೊಡ್ಡಸ್ತಿಕೆ ತಲೆಗೇರಿದಾಗ ಗೊತ್ತಿದ್ದದ್ದೂ ಮರೆಯುತ್ತದೆ, ಅಷ್ಟೇ.

ಆ ರವಿವಾರ ಹೊತ್ತೇರುವ ಮುಂದೆ ಅಪ್ಪನ ಗಾಡಿ ಬಂತು. ಬಿಳಿಯ ಖಿಲಾರಿ ಎತ್ತುಗಳು, ಕೋಡಿಗೆ ಕೆಂಪು ಗೊಂಡೆ. ನಸುಕಿನಲ್ಲಿ ಹೊರಟಿದ್ದರಿಂದ ಅಪ್ಪನ ಹೆಗಲ ಮೇಲೆ ಇನ್ನೂ ಕಂಬಳಿ ಇತ್ತು. ಬಯಲಿನಲ್ಲಿ ಆಗಲೇ ಕೆಂಡ ಸಿದ್ಧವಾಗಿತ್ತು. ಮಕ್ಕಳು ಗಾಡಿಯ ಸುತ್ತ ಕುಣಿದವು. ಅಪ್ಪ ಒದ್ದೆ ಗೋಣಿತಟ್ಟು ಸರಿಸಿದ ಕೂಡಲೇ ಖಾಲಾ ಗಲ್ಲಕ್ಕೆ ಕೈಯಿಟ್ಟುಕೊಂಡು ಕೂಗಿದಳು.

“ಯಾ ಅಲ್ಲಾ! ಒಂದೊಂದ ತೆನಿ ಮೊಳಕೈಯಷ್ಟ ಅದಾವಲ್ಲ!”

ನಾನು ಹಿಗ್ಗಿ ಹೀರೇಕಾಯಿಯಾದೆ. ಮೂಲೆಮನೆಯ ಹೆಂಗಸಿನ ಕಡೆಗೆ ಬೇಕೆಂದೇ ಒಮ್ಮೆ ನೋಡಿದೆ. ಒಂದೇ ಒಂದು ಸಂಗತಿ ಮನಸ್ಸಿಗೆ ಚುಚ್ಚಿತು: ಅಪ್ಪ ನನ್ನ ಮುಖ ನೋಡುತ್ತಿರಲಿಲ್ಲ.

ಮೊದಲ ಸುತ್ತಿನ ತೆನೆ ಸುಟ್ಟು ಹೊರಬಂದವು. ಖಾಲಾ ಒಂದನ್ನು ತೆಗೆದುಕೊಂಡು ತಿಕ್ಕಿದಳು, ಮತ್ತೆ ತಿಕ್ಕಿದಳು. ಅಂಗೈ ಕೆಂಪಾಯಿತು, ಕಾಳು ಸಿಪ್ಪೆ ಬಿಡಲಿಲ್ಲ. ನಾಲ್ಕು ಕಾಳು ಹೇಗೋ ಕಿತ್ತು ಪಕ್ಕದ ಮುದುಕರ ಕೈಗೆ ಹಾಕಿದಳು. ಅವರು ಬಾಯಿಗೆ ಹಾಕಿಕೊಂಡು ಕಟ್ ಎಂದು ಕಡಿದು, ದವಡೆ ಹಿಡಿದುಕೊಂಡು, ಮರ್ಯಾದೆಗೆಂದು “ರುಚಿ ಐತ್ರಿ” ಅಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಅಪ್ಪ ರುಮಾಲು ಕೈಗೆ ತೆಗೆದುಕೊಂಡು ಎದ್ದು ನಿಂತ. “ತಪ್ಪ ನಂದ್ರಿ. ನಸಿಕಿನ್ಯಾಗ ಕೊಯ್ದೆ, ಕಣ್ಣಿಗಿ ಸರಿ ಕಾಣಲಿಲ್ಲ. ವಯಸ್ಸಾತ್ರಿ.”

ಒಂದು ಕಾಳನ್ನು ಉಗುರಿನಿಂದ ಒತ್ತಿ, ಕಣ್ಣು ಮುಚ್ಚಿಕೊಂಡೇ ತೆನೆ ಎಷ್ಟು ದಿನದ್ದೆಂದು ಹೇಳುತ್ತಿದ್ದವನು ನನ್ನಪ್ಪ. ಕತ್ತಲೆಯಲ್ಲಿ ಅವನ ಕೈ ತಪ್ಪುವುದುಂಟೆ? ಮಗಳು ಗೆರೆ ಎಳೆದು ಬರೆದದ್ದಕ್ಕೆ, ತಪ್ಪೆಂದು ತಿಳಿದೂ ಅವನು ದೊಡ್ಡವನ್ನೇ ಕೊಯ್ದು ತಂದಿದ್ದ. ಈಗ ಬೀಗರ ಓಣಿಯ ನಡುವೆ ನಿಂತು, ನನ್ನ ಹೆಸರೆತ್ತದೆ, ತಪ್ಪನ್ನು ತನ್ನ ಕಣ್ಣಿನ ಮೇಲೆ ಹಾಕಿಕೊಳ್ಳುತ್ತಿದ್ದ. ಸುಮ್ಮನಿದ್ದರೆ ತಪ್ಪು ಅಪ್ಪನದಾಗುತ್ತದೆ. ಬಾಯಿಬಿಟ್ಟರೆ ಎಂಟು ದಿನದ ತವರು ಹೋಗುತ್ತದೆ. ಒಂದು ಗಳಿಗೆ ನಾನು ಸುಮ್ಮನೇ ಇದ್ದೆ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಕೈಯಲ್ಲಿದ್ದ ಮೊರ ಕೆಳಗಿಟ್ಟೆ.

“ಅಪ್ಪಂದಲ್ರಿ ತಪ್ಪ. ದೊಡ್ಡವ ತಾ ಅಂತ ನಾನ ಕಾರ್ಡ ಬರದಿದ್ದೆ. ಓಣ್ಯಾಗ ದೊಡ್ಡಸ್ತನ ತೋರಿಸಬೇಕಂತ ಬರದಿದ್ದೆ.”

ಅತ್ತೆ ಎದ್ದು ಬಂದರು. ನನಗೆ ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನನ್ನನ್ನು ದಾಟಿ ಗಾಡಿಯ ಹತ್ತಿರ ಹೋದರು, ಸೆರಗು ಟೊಂಕಕ್ಕೆ ಸಿಕ್ಕಿಸಿ ಅಲ್ಲೇ ನೆಲದ ಮೇಲೆ ಕೂತು, ಒಂದು ಹಸಿ ತೆನೆ ಎತ್ತಿಕೊಂಡರು. ತುದಿಯ ಕಾಳು ಒತ್ತಿದರು, ನಡುವಿನದನ್ನು ಒತ್ತಿದರು, ಕೊನೆಗೆ ಬುಡದ ಕಾಳು ಒತ್ತಿದರು. ಬುಡದ ಕಾಳಿನಿಂದ ಹಾಲು ಚಿಮ್ಮಿ ಅವರ ಉಗುರು ಬೆಳ್ಳಗಾಯಿತು.

“ತೆನಿ ತುದಿಯಿಂದ ಬಲೀತೈತಿ” ಅಂದರು, ಯಾರನ್ನೂ ನೋಡದೆ. “ಬುಡದಾಗ ಇನ್ನ ಹಾಲ ಐತಿ. ತುದಿ ಮುರದ ಈ ಕಡೆ ಹಾಕ್ರಿ, ಗುಗ್ಗರಿ ಕುದಿಸೋಣು. ಬುಡ ಅಷ್ಟ ಕೆಂಡದಾಗ ಹಾಕ್ರಿ. ಲಗೂನ!”

ಓಣಿಯವರು ಬಾಯಿ ತೆರೆದು ನೋಡಿದರು. ಖಾಲಾ ಕೇಳಿಯೇಬಿಟ್ಟಳು: “ನಿಮಗ ಹೆಂಗ ಗೊತ್ತರಿ ಇದು?”

“ನಾ ಏನ ಅರಿವಿ ಅಂಗಡ್ಯಾಗ ಹುಟ್ಟೀನೇನ?” ಅಂದರು ಅತ್ತೆ.

ಅಪ್ಪ ಅವರ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ತೆನೆ ಮುರಿಯತೊಡಗಿದ. ಇಬ್ಬರ ಕೈಗಳೂ ಒಂದೇ ರೀತಿ ಓಡುತ್ತಿದ್ದವು. “ಅಕ್ಕಾರ, ನಿಮ್ಮ ಕೈ ಹೊಲದ ಕೈ ಐತ್ರಿ” ಅಂದ.

“ನನ್ನ ತವರೂರ ಉಮದ್ಯಾಗ ನಮ್ಮದೂ ಹೊಲ ಇತ್ತರಿ ಬೀಗರ. ಅವ್ವ ಅಪ್ಪ ಒಂದ ವರ್ಷದಾಗ ಹೋದ್ರು, ಕಾಕಾ ಹೊಲ ಮಾರಿದ. ನನ್ನ ಲಗ್ನ ಆಗಿ ಆಗ ಎರಡ ವರ್ಷ. ಆಮ್ಯಾಲೆ ಪಂಚಮಿಗಿ ಕರಿಯಾಕ ಯಾರೂ ಬರಲಿಲ್ಲ.”

ಎಂಟು ತಿಂಗಳಲ್ಲಿ ಅತ್ತೆ ಒಮ್ಮೆಗೆ ಅಷ್ಟು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಅಣ್ಣ ಎರಡು ಸಲ ಬಂದು ಬರಿಗೈಯಲ್ಲಿ ಹೋದದ್ದಕ್ಕೆ ಅವರನ್ನು ಮನಸ್ಸಿನಲ್ಲೇ ಎಷ್ಟು ಶಪಿಸಿದ್ದೆ! ಕರೆಯಲು ಯಾರೂ ಬಾರದ ಬಾಗಿಲಲ್ಲಿ ನಿಂತು ಅವರು ಎಷ್ಟು ಪಂಚಮಿ ಕಳೆದಿದ್ದರೋ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಬುಡದ ತುಂಡುಗಳು ಸುಟ್ಟು ಬಂದವು. ಖಾಲಾ ತಿಕ್ಕಿದಳು, ಹಸಿರು ಕಾಳು ಪುಳಪುಳ ಉದುರಿದವು. ದವಡೆ ಹಿಡಿದುಕೊಂಡಿದ್ದ ಮುದುಕರು ಈಗ ನಿಜವಾಗಿಯೇ “ರುಚಿ ಐತಿ” ಅಂದರು. ಆಗ ಎದ್ದ ನಗೆ ಓಣಿಯ ಆ ತುದಿಯವರೆಗೆ ಕೇಳಿರಬೇಕು. ತೆನೆ ದೊಡ್ಡವಾದ್ದರಿಂದ ಬುಡವೂ ದೊಡ್ಡದೇ, ಯಾರಿಗೂ ಕಡಿಮೆ ಬೀಳಲಿಲ್ಲ. ಒಂದು ಕಡೆ ದೊಡ್ಡ ಹಂಡೆಯಲ್ಲಿ ಗುಗ್ಗರಿ ಕುದಿಯುತ್ತಿತ್ತು, ಅದಕ್ಕೆ ಉಪ್ಪು, ಮೇಲೆ ಒಂದಿಷ್ಟು ಬೆಳ್ಳುಳ್ಳಿ ಖಾರ. ಟಪಾಲಿನವನು ಯಾರದೋ ಕಾರ್ಡು ಹಿಡಿದು ಬಂದು ಸೀತನಿಯನ್ನೂ ತಿಂದ, ಗುಗ್ಗರಿಯನ್ನೂ ತಿಂದ, ಕಾರ್ಡನ್ನು ತಿರುಗಿ ಚೀಲಕ್ಕೆ ಹಾಕಿಕೊಂಡು ಹೋದ. ಮೂಲೆಮನೆಯ ಹೆಂಗಸು ತಾನಾಗಿಯೇ ಬಂದು ನನ್ನ ಪಕ್ಕ ಕೂತು, “ಮುಂದಿನ ವರ್ಷ ನಿನ್ನ ತೆನಿ, ನನ್ನ ತೆನಿ ಎರಡೂ ಕೂಡಿಸಿ ತರೋಣು” ಅಂದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆಗಲೇ ಅತ್ತೆ ನನ್ನ ಇನ್ನೊಂದು ಬದಿಗೆ ಬಂದು ಕೂತದ್ದು. ತಿಕ್ಕಿ, ಊದಿ, ನನ್ನ ಅಂಗೈಗೆ ಸುರಿದರು. ಕಾಳು ಇನ್ನೂ ಬಿಸಿ ಇತ್ತು. ನಾನು ತಿಕ್ಕಿ ಅವರ ಕೈಗೆ ಸುರಿದೆ. ಅವರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. “ಯಳವಿ ಮಣ್ಣ ಚಲೋ ಐತಿ” ಅಂದರು.

ಹೊತ್ತು ವಾಲಿತು. ತೆನೆ ತಂದ ಗಾಡಿಯನ್ನು ಬರಿದಾಗಿ ಕಳಿಸುವುದಿಲ್ಲ ಎಂಬುದು ನಮ್ಮ ಕಡೆಯ ರೂಢಿ. ಅತ್ತೆ ಉಪ್ಪಿನ ಚೀಲ, ಬೆಲ್ಲದ ಪೆಂಟೆ, ಅವ್ವನಿಗೆ ಒಂದು ಸೀರೆ ಎಲ್ಲ ಗಾಡಿಗೆ ಹಾಕಿಸಿದರು. ಗಾಡಿ ತುಂಬುತ್ತಿತ್ತು, ನಾನು ದೂರ ನಿಂತಿದ್ದೆ. ಚಲೋ ತೆನಿ ಬಂದರೆ ಎಂದಿದ್ದರು. ಬಂದಿರಲಿಲ್ಲ. ಕೇಳುವ ಮುಖವೂ ನನಗೆ ಉಳಿದಿರಲಿಲ್ಲ.

“ನಿನ್ನ ಗಂಟೆಲ್ಲಿ?” ಅಂದರು ಅತ್ತೆ.

“ತೆನಿ ಚಲೋ ಬರಲಿಲ್ಲಲ್ರಿ…”

“ಬುಡ ಚಲೋ ಇತ್ತಲ್ಲ. ನಡಿ, ನಡಿ.” ಹೀಗೆಂದು ನಕ್ಕರು. ಅವರ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ನಾನು ಓಡಿಹೋಗಿ ಗಂಟು ತಂದು ಗಾಡಿ ಹತ್ತಿ ಕೂತೆ. ಅಪ್ಪ ನೊಗ ಹಿಡಿದು ನಿಂತವನು ಎತ್ತು ಹೂಡಲಿಲ್ಲ. “ಅಕ್ಕಾರ, ತಡಾ ಮಾಡಿ ಬಿತ್ತಿದ ಪಟ್ಟಿ ಇನ್ನ ಪೂರಾ ಎಳೀದ ಐತ್ರಿ. ಹೊಲದಾಗ ಕುಂತ ತಿನ್ನೂದ ಬ್ಯಾರೇನ ಇರತೈತಿ. ನೀವೂ ಬರ್ರಿ” ಅಂದ.

“ಹಿಂಗ ಬೀಗತಿ ಗಾಡಿ ಹತ್ತಿದ್ರ ಮಂದಿ ಏನಂದಾರು?” ಅತ್ತೆ ಅಂದರು. ಆದರೆ ಅವರ ಕೈ ಗಾಡಿಯ ಗಾಲಿಯ ಮೇಲಿತ್ತು.

“ಮಂದಿ ಅಂದ್ರ ನಾವ. ನಾವೇನೂ ಅನ್ನಂಗಿಲ್ಲ, ಹತ್ತರಿ” ಅಂದಳು ಖಾಲಾ.

“ಮನ್ಯಾಗ ಗಂಡಸರಿಗಿ ಅಡಗಿ?”

“ಹಂಡೆ ತುಂಬ ಗುಗ್ಗರಿ ಐತಿ. ಎರಡ ದಿನ ಅದನ್ನ ತಿನ್ಲಿ!” ಅದಕ್ಕೂ ಖಾಲಾಳೇ ಅಂದಳು.

ಅಂಗಡಿಯಿಂದ ಬಂದು ನಿಂತಿದ್ದ ಮಾವ ಗುಗ್ಗರಿ ಹಂಡೆಯ ಕಡೆಗೊಮ್ಮೆ ನೋಡಿ, ಉಸಿರು ಬಿಟ್ಟು, “ಹೋಗಿ ಬಾ” ಅಂದರು. ಅತ್ತೆ ಮೇಲೆ ಹತ್ತಿ, ಬೆಲ್ಲದ ಪೆಂಟೆಯನ್ನು ಆಚೆ ಸರಿಸಿ, ನನ್ನ ಪಕ್ಕ ಕೂತರು. ಊರು ದಾಟಿ ಎರಡೂ ಕಡೆ ಜೋಳದ ಹೊಲ ಶುರುವಾದಾಗ, “ಲಗೂನ ಹೊಡೀರಿ ಬೀಗರ, ಹೊತ್ತ ಮುಣಗೂದ್ರಾಗ ಹೊಲ ನೋಡಬೇಕು” ಎಂದು ಅಪ್ಪನಿಗೆ ಅವಸರ ಮಾಡಿದರು.

ಮುಂದಿನ ಪಂಚಮಿಗೆ ಅಣ್ಣ ಮತ್ತೆ ಕರೆಯಲು ಬಂದ. ನಾನು ಅವನ ದನಿ ಕೇಳಿ ಒಳಗಿನಿಂದ ಓಡಿಬಂದೆ. ಅವನು ಹೊಸ್ತಿಲ ಹೊರಗೆ ನಿಂತು, ನನ್ನನ್ನು ಕಂಡರೂ ಕಾಣದವನಂತೆ, ಒಳಗೆ ಮುಖ ಮಾಡಿ ಕೂಗಿದ: “ಅತ್ತಿಯವ್ರ, ಪಂಚಮಿ ಬಂತ್ರಿ. ಅಪ್ಪ ನಿಮ್ಮನ್ನ ಕರಕೊಂಡ ಬಾ ಅಂದಾನ್ರಿ.”

ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಒಂದು ಸೀರೆ, ಒಂದು ಕುಪ್ಪಸ ನೆಲದ ಮೇಲಿಟ್ಟುಕೊಂಡು, ಅರಿವೆಯ ಚೌಕದ ನಾಲ್ಕು ಮೂಲೆ ಹಿಡಿದು ಕೂತಿದ್ದರು. ಎಷ್ಟು ಸಲ ಕಟ್ಟಿದರೂ ಗಂಟು ಬೀಳುತ್ತಿರಲಿಲ್ಲ. ನಾನೇ ಕಟ್ಟಿಕೊಟ್ಟೆ.